ಹಿತ್ತಲ ಗಿಡ ಮದ್ದಲ್ಲ

ಆಗಸ್ಟ್ ಬಂತೆಂದರೆ ಪರಿಚಯದವರ ಮಕ್ಕಳು 'ಸ್ವಲ್ಪ ನೋಡಿ ಸರ್' ಅಂತ ಎಂಬಿಎ ಅರ್ಜಿಯ ಪ್ರಬಂಧಗಳನ್ನು ಕಳಿಸುತ್ತಾರೆ. ಹಾರ್ವರ್ಡ್, ಸ್ಟ್ಯಾನ್‌ಫರ್ಡ್‌ಗಳ ಮೊದಲ ಸುತ್ತಿಗೆ ಸೆಪ್ಟೆಂಬರಿನಲ್ಲೇ ಗಡುವು. ಒಂದೊಂದೇ ಓದುತ್ತ ಹೋದಂತೆ ಈ ಗಾದೆ ಬಿಡದೆ ಕಾಡುತ್ತದೆ.

ಗಾದೆಗೆ ನಮ್ಮಲ್ಲಿ ಎರಡು ಅರ್ಥ ಚಲಾವಣೆಯಲ್ಲಿವೆ. '1973ರಲ್ಲೇ ಬೆಂಗಳೂರಿಗೆ ಐಐಎಂ ಬಂದಿದೆ, ಅದನ್ನು ಬಿಟ್ಟು ಬಾಸ್ಟನ್ ಯಾಕೆ?' ಎನ್ನುವವರದ್ದು ಒಂದು. ಕ್ಯಾಟ್ ಬರೆದು ಸೀಟು ಸಿಗದೆ ಕೂತವರು ಅದನ್ನು ಹಿತ್ತಲು ಅನ್ನಲಾರರು. ಇನ್ನೊಂದು, 'ಊರವರು ನಮ್ಮನ್ನು ಗುರುತಿಸಲಿಲ್ಲ' ಎಂಬ ಗೋಳು. ಸನ್ಮಾನ ಸಿಗದವರಿಗೆ ಅದು ಬಲು ಪ್ರಿಯ. ನನ್ನ ಪ್ರಕಾರ ಗಾದೆ ಬೈಯುವುದು ಊರವರನ್ನಲ್ಲ, ಹಿತ್ತಲಿನ ಯಜಮಾನನನ್ನು. ದಿನಾ ಬೆಳಿಗ್ಗೆ ಅದೇ ಗಿಡದ ಬುಡಕ್ಕೆ ನೀರು ಚೆಲ್ಲಿಯೂ ಒಂದು ಎಲೆ ಹೊಸಕಿ ಮೂಸದವನು ಅವನು.

ಸಾಗರದ ಕಡೆಯ ಒಬ್ಬಳು ಹುಡುಗಿ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಐದು ವರ್ಷದ ಅನುಭವ. ಕರಡಿನ ತುಂಬ ಡ್ಯಾಶ್‌ಬೋರ್ಡು, ಕ್ಲೈಂಟು, 'ನಾಯಕತ್ವದ ಪಯಣ'. ಹೆಸರು ಅಳಿಸಿದರೆ ಯಾರ ಅರ್ಜಿ ಅಂತ ಹೇಳಲಾಗದು. ಫೋನಿನಲ್ಲಿ ಮನೆಯ ಕಡೆಗೆ ಮಾತು ಎಳೆದೆ. ಅಪ್ಪನದು ಅಡಿಕೆ ಮಂಡಿ. ಬೆಳೆಗಾರರು ಮಳೆಗಾಲದಲ್ಲಿ ಮುಂಗಡ ಒಯ್ಯುತ್ತಾರೆ, ಅಡಿಕೆ ತಂದಾಗ ಅದು ವಜಾ ಆಗುತ್ತದೆ. ಡಿಗ್ರಿ ಓದುವಾಗ ಇವಳು ಆ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಹಾಕಿದಳು. ಬೆಳೆಗಾರರು ಒಪ್ಪಲಿಲ್ಲ. ತಮ್ಮ ಪುಟ ತೆರೆದು, ಬರೆದ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರೆ ಮಾತ್ರ ಅವರಿಗೆ ಸಮಾಧಾನ. ಕೊನೆಗೆ ಪುಸ್ತಕವೂ ಇರಲಿ, ಜೊತೆಗೆ ಕಂಪ್ಯೂಟರಿನ ಚೀಟಿಯೂ ಕೊಡೋಣ ಎಂದಳು. ಎರಡು ಸುಗ್ಗಿ ಕಳೆದ ಮೇಲೆ ಜನ ತಾವೇ ಚೀಟಿ ಕೇಳತೊಡಗಿದರು.

'ಇದನ್ನು ಯಾಕಮ್ಮ ಬರೆದಿಲ್ಲ?' ಅಂದೆ. 'ಅದು ಮನೆ ಕೆಲ್ಸ ಅಲ್ವಾ ಸರ್!'

2024ರಲ್ಲಿ ಹಾರ್ವರ್ಡ್ ತನ್ನ ಒಂದು ದೊಡ್ಡ ಪ್ರಬಂಧವನ್ನು ಮೂರು ಚಿಕ್ಕ ಪ್ರಬಂಧಗಳಾಗಿ ಒಡೆಯಿತು. ಒಂದಕ್ಕೆ 300 ಪದ, ಉಳಿದೆರಡಕ್ಕೆ 250. ಅಷ್ಟು ಜಾಗದಲ್ಲಿ 'ನಾಯಕತ್ವದ ಪಯಣ' ಹಿಡಿಸುವುದಿಲ್ಲ, ಆ ಮಂಡಿಯ ಚೀಟಿ ಹಿಡಿಸುತ್ತದೆ. ಜಿಮ್ಯಾಟ್ ಅಂಕ ಬೇಡವೇ ಅಂದರೆ ಬೇಕು. ಆದರೆ 805ಕ್ಕೆ ನಡೆಯುವ ಆ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದ ಎಂಜಿನಿಯರುಗಳಿಗೆ ನಮ್ಮಲ್ಲಿ ಬರವಿಲ್ಲ.

ಶಿಫಾರಸು ಪತ್ರದ್ದೂ ಇದೇ ಪಾಡು. ಪಕ್ಕದಲ್ಲೇ ಕೂತು ಕೆಲಸ ತಿದ್ದಿದ ಮ್ಯಾನೇಜರು ಹಿತ್ತಲ ಗಿಡ, ಒಮ್ಮೆ ಲಿಫ್ಟಿನಲ್ಲಿ ನಕ್ಕ ಉಪಾಧ್ಯಕ್ಷರು ಸಂಜೀವಿನಿ! ಸ್ಟ್ಯಾನ್‌ಫರ್ಡ್ ನೇರವಾಗಿಯೇ ಕೇಳುತ್ತದೆ: ಒಂದು ಪತ್ರ ಈಗಿನ ಮೇಲಧಿಕಾರಿಯದ್ದೇ ಇರಲಿ ಅಂತ. ಹಲವು ಶಾಲೆಗಳು ಬಳಸುವ ಸಾಮಾನ್ಯ ಶಿಫಾರಸು ನಮೂನೆಯಲ್ಲಿ, 'ಅಭ್ಯರ್ಥಿಗೆ ನೀವು ಹೇಳಿದ ಮುಖ್ಯವಾದ ತಿದ್ದುಪಡಿ ಯಾವುದು, ಅದನ್ನು ಅವರು ಹೇಗೆ ತೆಗೆದುಕೊಂಡರು' ಎಂಬ ಪ್ರಶ್ನೆಯಿದೆ. ಉಪಾಧ್ಯಕ್ಷರು ಏನು ಬರೆದಾರು, ಪಾಪ.

ಹಿತ್ತಲಿನದನ್ನು ಹೇಳಿಕೊಳ್ಳಲು ಪಡುವ ಈ ಸಂಕೋಚದ ಮೇಲೇ ಅರ್ಜಿ ತಿದ್ದಿಕೊಡುವ ಕನ್ಸಲ್ಟೆಂಟರ ಅಂಗಡಿ ನಿಂತಿದೆ. ಅರ್ಜಿಗೆ ಆರು ತಿಂಗಳಿರುವಾಗ ಯಾವುದೋ ಅನಾಥಾಶ್ರಮದಲ್ಲಿ ನಾಲ್ಕು ಭಾನುವಾರ, ಮಕ್ಕಳ ಜೊತೆ ಫೋಟೋ. ಇದನ್ನು ಸಮಾಜಸೇವೆ ಅನ್ನುವವರಿಗೆ ನನ್ನ ನಮಸ್ಕಾರ. ಇದೇ ಹುಡುಗರು ಅಜ್ಜಿಯ ಪಿಂಚಣಿಗಾಗಿ ತಾಲ್ಲೂಕು ಕಚೇರಿಗೆ ಅಲೆದಿರುತ್ತಾರೆ. ಅದು ಮಾತ್ರ ಲೆಕ್ಕಕ್ಕಿಲ್ಲ.

ತಪ್ಪು ಮಕ್ಕಳದ್ದಷ್ಟೇ ಅಲ್ಲ. 'ಮನೆ ವಿಷಯ ಹೊರಗೆ ಆಡಬೇಡ' ಅಂತ ಬೆಳೆಸಿದವರು ನಾವು. ನೆಂಟರು ಬಂದಾಗ 'ಎಷ್ಟು ಪರ್ಸೆಂಟ್ ತೆಗೆದೆ ಅಂತ ಹೇಳೋ ಮಾಮಂಗೆ' ಎಂದವರೂ ನಾವೇ. ಮಂಡಿಯಲ್ಲಿ ಏನು ಮಾಡಿದೆ ಅಂತ ಯಾರೂ ವಿಚಾರಿಸಲಿಲ್ಲ. ನಿಮಗೆ ಎಲ್ಲಕ್ಕಿಂತ ಮುಖ್ಯವಾದದ್ದು ಯಾವುದು, ಯಾಕೆ ಅಂತ ಸ್ಟ್ಯಾನ್‌ಫರ್ಡ್ ವರ್ಷಗಳಿಂದ ಕೇಳುತ್ತ ಬಂದಿದೆ. ಮನೆಯಲ್ಲಿ ಯಾರೂ ಒಮ್ಮೆಯೂ ಕೇಳದ ಈ ಪ್ರಶ್ನೆಗೆ ಗಡುವಿನ ಹಿಂದಿನ ವಾರ ಉತ್ತರ ಹುಡುಕಲು ಕೂತ ಹುಡುಗನಿಗೆ ಕನ್ಸಲ್ಟೆಂಟರ ನಂಬರು ನೆನಪಾದರೆ ಅವನನ್ನು ಹೇಗೆ ಬೈಯಲಿ?