ಕಾಪಿಡುವುದೇ, ಕಾಣಿಸುವುದೇ?

ಒಂದು ಚಲನಚಿತ್ರದ ಒಂದೇ ಪ್ರತಿ ಜಗತ್ತಿನಲ್ಲಿ ಉಳಿದಿದೆಯೆಂದು ಎಣಿಸೋಣ. ಪ್ರೊಜೆಕ್ಟರಿನ ಹಲ್ಲುಚಕ್ರಗಳ ಮೇಲೆ ಹಾಯ್ದಾಗಲೆಲ್ಲ ಅದು ಗೀರುಬಿದ್ದು ಸವೆಯುತ್ತದೆ; ತೋರಿಸದೆ ಇಟ್ಟರೆ ಇದ್ದೂ ಇಲ್ಲದಂತೆ. ಅದು ಯಾರ ಕೈಸೇರಿದೆಯೋ ಅವರ ಧರ್ಮವೇನು? ಶಾಲೆಯ ಪುಸ್ತಕದ ಬೀರುವಿಗೆ ಬೀಗ ಹಾಕುವುದೋ, ತೆರೆದಿಡುವುದೋ ಎಂದು ತೊಳಲಿದ ಉಪಾಧ್ಯಾಯರಿಗೆ ಈ ಪ್ರಶ್ನೆ ಹೊಸದೆನಿಸದು. ಪುಸ್ತಕವನ್ನಾದರೋ ಮತ್ತೆ ಕೊಳ್ಳಬಹುದು.

ಯೂರೋಪಿನಲ್ಲಿ ಇಬ್ಬರು ಈ ಪ್ರಶ್ನೆಗೆ ತಮ್ಮ ಬಾಳನ್ನೇ ಉತ್ತರವಾಗಿ ಕೊಟ್ಟರು. ಲಂಡನ್ನಿನಲ್ಲಿ 1935ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಫಿಲ್ಮ್ ಲೈಬ್ರರಿಯನ್ನು ನೋಡಿಕೊಂಡ ಅರ್ನೆಸ್ಟ್ ಲಿಂಡ್‌ಗ್ರೆನ್ನರಿಗೆ ಮೂಲಪ್ರತಿಯೆಂಬುದು ಇನ್ನೂ ಹುಟ್ಟದವರ ಸ್ವತ್ತು. ಎರಡನೆಯ ಪ್ರತಿ ತೆಗೆಯದೆ ಅದನ್ನು ತೋರಿಸಕೂಡದು. 1936ರಲ್ಲಿ ಪ್ಯಾರಿಸ್ಸಿನ ಸಿನೆಮಾತೆಕ್ ಫ್ರಾಂಸೇಸ್ ಸಂಸ್ಥೆಯನ್ನು ಗೆಳೆಯರೊಡನೆ ಕಟ್ಟಿದ ಹಾಂರಿ ಲಾಂಗ್ಲ್ವಾ ಕೈಗೆ ಸಿಕ್ಕಿದ್ದನ್ನೆಲ್ಲ ತೋರಿಸಿದರು. ಅವರ ಪುಟ್ಟ ಚಿತ್ರಮಂದಿರದಲ್ಲಿ ಕುಳಿತು ನೋಡಿದ ಹುಡುಗರೇ ಮುಂದೆ ತ್ರೂಫೋ, ಗೊದಾರ್ ಎಂಬ ನಿರ್ದೇಶಕರಾದರು. 1968ರ ಫೆಬ್ರವರಿಯಲ್ಲಿ ಸರಕಾರ ಅವರನ್ನು ತೆಗೆದುಹಾಕಲು, ಆ ಶಿಷ್ಯರು ಬೀದಿಗಿಳಿದರು. ಏಪ್ರಿಲಿನಲ್ಲಿ ಅವರಿಗೆ ಸ್ಥಾನ ಮರಳಿತು. ಅವರ ಸಂಗ್ರಹದ ಅನೇಕ ಸುರುಳಿಗಳು 1959ರಲ್ಲಿ ಬೆಂಕಿಗೆ ಆಹುತಿಯಾದುದನ್ನೂ ಮರೆಯಲಾಗದು.

ಲಿಂಡ್‌ಗ್ರೆನ್ನರ ಪಕ್ಷವೇ ನ್ಯಾಯವೆಂದು ಮೊದಲಿಗೆ ತೋರುತ್ತದೆ. ಆದರೆ ಹಳೆಯ ನೈಟ್ರೇಟ್ ಫಿಲ್ಮ್ ಮುಚ್ಚಿದ ಡಬ್ಬಿಯೊಳಗೂ ತಾನಾಗಿ ಕೊಳೆತು ಪುಡಿಯಾಗುವ ವಸ್ತು. ಬೀಗವೊಂದೇ ಅದನ್ನು ಕಾಯದು. ಹೊಸ ಪ್ರತಿ ತೆಗೆಯಬೇಕು, ಅದಕ್ಕೆ ಹಣ ಬೇಕು. ಯಾರೂ ನೋಡದ ಚಿತ್ರಕ್ಕಾಗಿ ಹಣ ಕೇಳುವವರು ಯಾರು? ಹಾಗೆಂದು ತೋರಿಸಿದ ಮಾತ್ರಕ್ಕೆ ಚಿತ್ರ ಉಳಿಯುವುದೇ? 1934ರ ‘ಸತಿ ಸುಲೋಚನ’ ನಮ್ಮ ಮೊದಲ ವಾಕ್ಚಿತ್ರ. ಜನರು ನೋಡಿದರು, ಇಂದು ಅದರ ಪ್ರತಿಯೇ ಇಲ್ಲ.

ನಮ್ಮ ದೇಶದಲ್ಲಿ ಈ ಎರಡು ಧರ್ಮಗಳನ್ನು ಇಬ್ಬರು ಹಂಚಿಕೊಂಡರು. ಪುಣೆಯಲ್ಲಿ 1964ರಲ್ಲಿ ರಾಷ್ಟ್ರೀಯ ಚಿತ್ರಸಂಗ್ರಹಾಲಯ ಹುಟ್ಟಿತು. ಪಿ. ಕೆ. ನಾಯರ್ ಅವರು 1991ರ ವರೆಗೂ ಅದನ್ನು ಬೆಳೆಸಿದರು. ಫಾಲ್ಕೆಯವರ ಮೂಕಿಚಿತ್ರಗಳಲ್ಲಿ ದೊರೆತ ತುಣುಕುಗಳನ್ನು ಕೂಡಿಸಿ ಉಳಿಸಿದವರು ಅವರು. ಆಗ್ರಾದಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತಿದ್ದ ಸತೀಶ್ ಬಹಾದೂರರು 1963ರಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಬಂದು, ಚಿತ್ರವನ್ನು ನೋಡುವ ವಿದ್ಯೆಯನ್ನೇ ಪಾಠವಾಗಿಸಿದರು. ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರು 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿದ ಮೇಲೆ ಈ ಇಬ್ಬರೂ ಅಲ್ಲಿಗೆ ಹೋದರು. ಅಡಕೆ ತೋಟದವರು ‘ಪಥೇರ್ ಪಾಂಚಾಲಿ’ ನೋಡಿದರು. ಮಲೆನಾಡಿನ ಆ ಹಳ್ಳಿಗೆ ಹೋದದ್ದು ಪ್ರತಿಯೇ ಹೊರತು ಮೂಲವಲ್ಲ. ಗೀರು ಬಿದ್ದರೆ ಬೀಳಲಿ, ಅದಕ್ಕೆಂದೇ ಅದು ಇದ್ದದ್ದು.

ಇಷ್ಟರಿಂದ ತೊಡಕು ಬಗೆಹರಿಯಿತೆನ್ನಲಾರೆ. ಎಲ್ಲಕ್ಕೂ ಪ್ರತಿ ತೆಗೆಯುವ ಹಣ ಯಾವ ಸಂಗ್ರಹಾಲಯಕ್ಕೂ ಇರದಷ್ಟು ಕಾಲ, ಯಾವುದನ್ನು ಮೊದಲು ಉಳಿಸಬೇಕೆಂಬ ಪ್ರಶ್ನೆ ಇದ್ದೇ ಇರುತ್ತದೆ. ಇಲ್ಲಿ ಕಾಯುವವರ ಮನೋಧರ್ಮವೂ ಕಲಿಸುವವರದೂ ಬೇರೆಯಾಗುತ್ತವೆ. ಬಹಾದೂರರು ಒಂದೇ ಚಿತ್ರವನ್ನು ಆರಿಸಿ, ಅದರ ಒಂದೊಂದು ದೃಶ್ಯವನ್ನೂ ಬಿಡಿಸಿ ತೋರಿಸಿದರು. ನಾಯರ್ ಅವರಾದರೋ ಇದು ಉತ್ತಮ, ಇದು ಅಧಮವೆಂದು ಎಣಿಸದೆ, ದೊರೆತ ಡಬ್ಬಿಗಳನ್ನೆಲ್ಲ ಪುಣೆಗೆ ಹೊತ್ತು ತಂದರು.