ರೋಗವು ಬರುವ ದಾರಿ

(ಓದತಕ್ಕ ಭಾಗಗಳು: 1 ಸಮುವೇಲ 5, 6; ಮತ್ತಾಯ 8:1–4)



ಫಿಲಿಷ್ಟಿಯರ ಪಟ್ಟಣಗಳಲ್ಲಿ ಜನರ ಮೈಮೇಲೆ ಗಡ್ಡೆಗಳೆದ್ದು ಅನೇಕರು ಸತ್ತರೆಂದು ಓದುತ್ತೇವಷ್ಟೆ. ಅದು ಪ್ಲೇಗೇ ಎಂದು ಅನೇಕ ಪಂಡಿತರು ಎಣಿಸುತ್ತಾರೆ. ಆ ಜನರು ಬಂಗಾರದಿಂದ ಐದು ಗಡ್ಡೆಗಳನ್ನೂ ಐದು ಇಲಿಗಳನ್ನೂ ಮಾಡಿಸಿ ಕಾಣಿಕೆಯಾಗಿ ಕಳುಹಿಸಿದರು. ಗಡ್ಡೆಯನ್ನು ಕಂಡರು, ಇಲಿಯನ್ನೂ ಕಂಡರು; ಇವೆರಡರ ನಡುವಣ ದಾರಿಯನ್ನು ಮಾತ್ರ ಕಾಣಲಿಲ್ಲ.

ನಮ್ಮ ಹಿರಿಯರ ಅವಸ್ಥೆಯೂ ಹಾಗೆಯೇ ಇತ್ತು. ಪ್ಲೇಗು 1896ರಲ್ಲಿ ಬೊಂಬಾಯಿಯಲ್ಲಿಯೂ 1898ರಲ್ಲಿ ಬೆಂಗಳೂರಿನಲ್ಲಿಯೂ ಕಾಣಿಸಿಕೊಂಡು ಕೋಲಾರದ ಸೀಮೆಗೂ ಬಂತು. ಮನೆಯಲ್ಲಿ ಇಲಿ ಬಿದ್ದರೆ ಜನರು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. 1894ರಲ್ಲಿ ಯೆರ್ಸಿನ್ ಎಂಬ ವೈದ್ಯನು ಹಾಂಗ್‌ಕಾಂಗಿನಲ್ಲಿ ಆ ರೋಗದ ಕ್ರಿಮಿಯನ್ನು ಕಂಡನು. 1898ರಲ್ಲಿ ಸಿಮೋನ್ ಎಂಬವನು ಕರಾಚಿಯಲ್ಲಿ ದಾರಿಯನ್ನು ಕಂಡನು: ಸತ್ತ ಇಲಿಯನ್ನು ಬಿಟ್ಟ ಚಿಗಟವೇ ಮನುಷ್ಯನನ್ನು ಕಚ್ಚಿ ಕ್ರಿಮಿಯನ್ನು ಸೇರಿಸುತ್ತದೆ. 1966ರಲ್ಲಿ ನಮ್ಮ ಮುಳಬಾಗಿಲಿನಲ್ಲಿ ಈ ರೋಗವು ಕಂಡಿತು. ಆಮೇಲೆ 1994ರ ವರೆಗೆ ದೇಶದಲ್ಲೆಲ್ಲಿಯೂ ಮನುಷ್ಯರಲ್ಲಿ ಕಂಡುದು ದೃಢಪಡಲಿಲ್ಲ.

ಆದಕಾರಣ ಅಂಟುರೋಗಗಳನ್ನು ಅವುಗಳ ದಾರಿಯಿಂದ ವಿಂಗಡಿಸಿ ತಿಳಿಯತಕ್ಕದ್ದು. ಕಾಲರಾ, ಟೈಫಾಯಿಡ್ ಇವು ಮಲಿನವಾದ ನೀರಿನಿಂದಲೂ ಅನ್ನದಿಂದಲೂ ಬರುತ್ತವೆ. ಇವುಗಳಿಗೆ ಕಾಯಿಸಿದ ನೀರೂ ಶೌಚಾಲಯವೂ ತೊಳೆದ ಕೈಯೂ ತಡೆ. ಮಲೇರಿಯಾ, ಡೆಂಗೀ ಇವು ಸೊಳ್ಳೆಯಿಂದ ಬರುತ್ತವೆ. ನೀರಿನ ಅಭಾವಕ್ಕಾಗಿ ನಾವು ತುಂಬಿಡುವ ತೊಟ್ಟಿಯನ್ನು ಮುಚ್ಚದಿದ್ದರೆ ಡೆಂಗೀ ಸೊಳ್ಳೆಗೆ ಅದೇ ತೊಟ್ಟಿಲು. ಕ್ಷಯ, ದಡಾರ ಇವು ಕೆಮ್ಮಿನೊಡನೆ ಗಾಳಿಯಲ್ಲಿ ಬರುತ್ತವೆ. ಒಂದೇ ರೋಗಕ್ಕೆ ಎರಡು ದಾರಿಗಳಿರುವುದೂ ಉಂಟು: ಗಂಟಿನ ಪ್ಲೇಗು ಚಿಗಟದಿಂದ ಬರುತ್ತದೆ, ಅದೇ ಪುಪ್ಪುಸಕ್ಕೆ ಇಳಿದರೆ ಕೆಮ್ಮಿನಿಂದ ಹರಡುತ್ತದೆ.

ಪ್ರಿಯರೇ, ದಾರಿಯನ್ನು ಅರಿಯದವನು ಎರಡು ವಿಧದಲ್ಲಿ ತಪ್ಪುತ್ತಾನೆ. ಕಾಯತಕ್ಕ ಕಡೆ ಕಾಯುವುದಿಲ್ಲ. ಹೆದರಬೇಕಾಗಿಲ್ಲದ ಕಡೆ ಹೆದರಿ ನೆರೆಯವನನ್ನು ತಳ್ಳಿಬಿಡುತ್ತಾನೆ. ಮಾಲೂರಿನಲ್ಲಾಗಲಿ ಶ್ರೀನಿವಾಸಪುರದಲ್ಲಾಗಲಿ, ಮಗಳ ಮದುವೆ ನಿಂತೀತೆಂದು ಅವಳ ಕೆಮ್ಮನ್ನು ಮುಚ್ಚಿಡುವ ತಾಯಿ ನಮ್ಮ ಸಭೆಯಲ್ಲಿ ಇಲ್ಲವೋ? ಹಾಗೆ ಮುಚ್ಚಿಡುವಂತೆ ಆಕೆಯನ್ನು ಹೆದರಿಸಿದವರು ಯಾರು? ನಮ್ಮ ನಾಲಿಗೆಗಳೇ ಅಲ್ಲವೇ? ಕ್ಷಯಕ್ಕೆ ಸರಕಾರದ ಆಸ್ಪತ್ರೆಯಲ್ಲಿ ಹಣವಿಲ್ಲದೆ ಮದ್ದು ದೊರೆಯುತ್ತದೆ. ತಪ್ಪದೆ ತೆಗೆದುಕೊಂಡರೆ ಸಾಧಾರಣವಾಗಿ ಕೆಲವು ವಾರಗಳಲ್ಲಿಯೇ ಇತರರಿಗೆ ಅಂಟುವ ಭಯವು ಬಹಳ ಕಡಿಮೆಯಾಗುತ್ತದೆ. ಆದರೆ ಹೇಳಿದ ಕಾಲದ ವರೆಗೂ ಮದ್ದನ್ನು ಬಿಡಬಾರದು.

ನಮ್ಮ ಕರ್ತನು ಕುಷ್ಠರೋಗಿಯನ್ನು ಮುಟ್ಟಿದನು. ಹೋಗಿ ಯಾಜಕನಿಗೆ ಮೈ ತೋರಿಸೆಂದೂ ಆಜ್ಞಾಪಿಸಿದನು. ಪ್ರೀತಿಯ ಕೈಯೂ ಬೇಕು, ಪರೀಕ್ಷೆಯೂ ಬೇಕು. ಒಂದನ್ನು ಹಿಡಿದು ಇನ್ನೊಂದನ್ನು ಬಿಡುವುದು ಆತನ ಮಾರ್ಗವಲ್ಲ. ಈ ವಾರ ನಿಮ್ಮ ತೊಟ್ಟಿಯನ್ನು ಮುಚ್ಚಿರಿ. ಎರಡು ವಾರ ಮೀರಿ ಕೆಮ್ಮುವ ನೆರೆಯವನನ್ನು ನೀವೇ ಜೊತೆಯಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿರಿ. ಇದಕ್ಕೆ ಬೇಕಾದ ಬುದ್ಧಿಯನ್ನೂ ಧೈರ್ಯವನ್ನೂ ದೇವರು ನಮಗೆ ಅನುಗ್ರಹಿಸಲಿ. ಆಮೆನ್.