ಊದಿದವನ ಹೆಸರು

ನನ್ನ ಕಸುಬು ಗಾಜು ಊದುವುದು. ಬಳೆಯಲ್ಲ, ಹೂದಾನಿಯಲ್ಲ, ರಸಾಯನಶಾಸ್ತ್ರದ ಪ್ರಯೋಗಾಲಯಗಳಿಗೆ ಬೇಕಾದ ಫ್ಲಾಸ್ಕು, ಕಂಡೆನ್ಸರು ಇಂಥವು. ತಿಕೋಟಾದ ನಮ್ಮ ಮನೆಯವರಿಗೆ ಇದೆಂಥ ಕೆಲಸವೆಂದು ಇನ್ನೂ ಪೂರ್ತಿ ತಿಳಿದಿಲ್ಲ. ಅಣ್ಣನ ಮಗ ಮಾತ್ರ ಮೊಬೈಲಿನಲ್ಲಿ ಅಮೆರಿಕದ ಸ್ಟುಡಿಯೋ ಗಾಜಿನ ಕಲಾವಿದರನ್ನು ನೋಡಿ ಕೇಳಿದ: "ಕಾಕಾ, ಅವರು ತಳದಾಗ ಸಹಿ ಮಾಡ್ತಾರ. ನೀವು ಇಷ್ಟು ವರ್ಷ ಊದೀರಿ, ಒಂದರ ಮ್ಯಾಲರ ನಿಮ್ಮ ಹೆಸರು ಐತೇನು?"

ಸಹಿ ಮಾಡುವವರ ಮೇಲೆ ನನಗೆ ಸಿಟ್ಟಿಲ್ಲ. 1962ರಲ್ಲಿ ಹಾರ್ವಿ ಲಿಟಲ್‌ಟನ್ ಟೊಲೆಡೊ ವಸ್ತುಸಂಗ್ರಹಾಲಯದ ಆವರಣದಲ್ಲಿ ಪುಟ್ಟ ಕುಲುಮೆ ಹೂಡಿದರು. ಕಾರ್ಖಾನೆಯ ಹಂಗಿಲ್ಲದೆ ಕಲಾವಿದನೇ ಗಾಜು ಊದಬಹುದೆಂಬ ದಾರಿ ಅಲ್ಲಿಂದ ತೆರೆಯಿತು. ಅವರಲ್ಲಿ ಕೊಳ್ಳುವವನು ಕೈಗೇ ದುಡ್ಡು ಕೊಡುತ್ತಾನೆ. ಕೈಯ ಗುರುತು ಕೇಳುವುದು ನ್ಯಾಯ.

ಆದರೂ ಹುಡುಗನ ಮಾತು ನನ್ನನ್ನು ಎಳೆದೊಯ್ದದ್ದು ಬಿಜ್ಜರಗಿಯ ಕಡೆಗೆ. ನಮ್ಮದೇ ತಾಲ್ಲೂಕಿನ ಆ ಊರಲ್ಲಿ ಹುಟ್ಟಿದವರು ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ. ಅಂಗಿಗೆ ಕಿಸೆಯಿರಲಿಲ್ಲ; 2018ರಲ್ಲಿ ಬಂದ ಪದ್ಮಶ್ರೀಯನ್ನು ಬೇಡವೆಂದರು. ದೇಹವನ್ನು ಸುಡಿ, ಸ್ಮಾರಕ ಕಟ್ಟಬೇಡಿ, ಬೂದಿಯನ್ನು ನೀರಿಗೆ ಬಿಡಿ ಎಂದು 2014ರಲ್ಲೇ ಬರೆದಿಟ್ಟಿದ್ದರು. 2023ರ ಜನವರಿ 2ರಂದು ತೀರಿಕೊಂಡಾಗ ಹಾಗೆಯೇ ನಡೆಯಿತು. ಅಂಥವರ ಸೀಮೆಯವನು ಗಾಜಿನ ಮೇಲೆ ಹೆಸರು ಕೆತ್ತಬೇಕೇ?

ಹೆಸರಿನ ಹಮ್ಮು ಬೇಡವೆನ್ನುವವರಿಗೆ ವೇದಾಂತದಲ್ಲಿ ಘಟಾಕಾಶದ ದೃಷ್ಟಾಂತವಿದೆ. ಮಡಕೆಯೊಳಗಿನ ಆಕಾಶ, ಹೊರಗಿನ ಆಕಾಶ ಎಂದು ಎರಡಿಲ್ಲ. ಮಡಕೆ ಒಡೆದರೆ ಆಕಾಶಕ್ಕೆ ಏನೂ ಆಗುವುದಿಲ್ಲ. ಬರ್ನರಿನ ಮುಂದೆ ಕೂತಾಗೆಲ್ಲ ಇದಕ್ಕೆ ಅರ್ಧ ತಲೆದೂಗುತ್ತೇನೆ. ಬೊರೊಸಿಲಿಕೇಟ್ ಕೊಳವೆಯನ್ನು ಆಮ್ಲಜನಕ ಬೆರೆತ ಜ್ವಾಲೆಯಲ್ಲಿ ತಿರುಗಿಸುತ್ತಿರಬೇಕು. ಡೈಡಿಮಿಯಂ ಕನ್ನಡಕ ಇಲ್ಲದಿದ್ದರೆ ಸೋಡಿಯಂನ ಹಳದಿ ಉರಿ ಕಣ್ಣಿಗೆ ಹೊಡೆದು ಗಾಜೇ ಕಾಣದು. ಸುಮಾರು 820 ಡಿಗ್ರಿಗೆ ಅದು ಮೆತ್ತಗಾಗತೊಡಗುತ್ತದೆ. ಹಲ್ಲಲ್ಲಿ ಕಚ್ಚಿದ ರಬ್ಬರ್ ನಳಿಕೆಯಿಂದ ಚೂರೇ ಚೂರು ಊದಿದರೆ ಗುಳ್ಳೆ ಏಳುತ್ತದೆ. ನಳಿಕೆ ಬಿಚ್ಚಿದ ಕೂಡಲೇ ನನ್ನ ಉಸಿರು ಕೋಣೆಯ ಗಾಳಿಯಲ್ಲಿ ಬೆರೆತುಹೋಗುತ್ತದೆ. ಒಳಗೆ ನನ್ನದೆಂಬುದು ಏನೂ ಉಳಿಯಲಿಲ್ಲ. ಇಲ್ಲಿಯವರೆಗೆ ವೇದಾಂತ ಸರಿ.

ನನ್ನ ತಕರಾರು ಗೋಡೆಯ ವಿಷಯದಲ್ಲಿ. 1892ರಲ್ಲಿ ಜೇಮ್ಸ್ ಡ್ಯೂವರ್ ಕಂಡುಹಿಡಿದ ಜೋಡಿಗೋಡೆಯ ಫ್ಲಾಸ್ಕನ್ನೇ ನೋಡಿ. ಮನೆಯ ಥರ್ಮಾಸಿಗೆ ಅದೇ ಮೂಲ. ಎರಡು ಗೋಡೆಗಳ ನಡುವಿನ ಗಾಳಿಯನ್ನು ಪಂಪಿನಿಂದ ಹೀರಿ ತೆಗೆದು ಬಾಯಿ ಮುಚ್ಚುತ್ತೇವೆ. ಮೈನಸ್ 196 ಡಿಗ್ರಿಯ ದ್ರವ ಸಾರಜನಕ ಬೇಗ ಕುದ್ದುಹೋಗದಂತೆ ಕಾಯುವುದು ಆ ಬರಿದು. ಗೋಡೆ ಬಿರುಕು ಬಿಟ್ಟರೆ ಆ ಬರಿದೂ ಹೋಯಿತು. ನಿರ್ವಾತ ಬೇರೆ, ಆಕಾಶ ಬೇರೆ ಎಂದು ಪಂಡಿತರು ತಿದ್ದಬಹುದು; ತಿದ್ದಲಿ. ನನ್ನ ಜಗಳ ದೃಷ್ಟಾಂತದ ಜೊತೆ ಅಲ್ಲ, ಅದನ್ನು ಹಿಡಿದುಕೊಂಡು ಮಡಕೆಯನ್ನು ಹಗುರ ಮಾಡುವವರ ಜೊತೆ.

ಯಾಕೆಂದರೆ ಗಾಜು ಹೊರಗೆ ತಣ್ಣಗಿದ್ದು ಒಳಗೆ ಬಿಗಿದುಕೊಂಡಿರುತ್ತದೆ. ಸುಮಾರು 560 ಡಿಗ್ರಿಯ ಒಲೆಯಲ್ಲಿ ಇಟ್ಟು, ಆಮೇಲೆ ಮೆಲ್ಲಗೆ ಆರಿಸಿದರೆ ಮಾತ್ರ ಆ ಬಿಗಿ ಸಡಿಲುತ್ತದೆ. ಬರಿಗಣ್ಣಿಗೆ ಕಾಣದ ಈ ಬಿಗಿಯನ್ನು ಪೋಲಾರಿಸ್ಕೋಪಿನಲ್ಲಿಟ್ಟು ನೋಡಬೇಕು. ನೋಡದೆ ಕಳಿಸಿದ ಫ್ಲಾಸ್ಕು ನಿರ್ವಾತಕ್ಕೆ ಹಚ್ಚಿದಾಗ ಕುಸಿದು ಸಿಡಿದರೆ, ಚೂರು ಹೋಗುವುದು ಎದುರಿಗೆ ನಿಂತ ವಿದ್ಯಾರ್ಥಿನಿಯ ಕಣ್ಣಿಗೆ. ಪಾತ್ರೆ ಮಿಥ್ಯೆ ಎಂದು ಆ ಹುಡುಗಿಗೆ ಯಾರು ಹೇಳುತ್ತಾರೆ?

ಅಣ್ಣನ ಮಗನಿಗೆ ಹೇಳಿದೆ: ಹೆಸರು ಬರೆಯುವುದಿಲ್ಲ, ಆದರೆ ಏನೂ ಬರೆಯುವುದಿಲ್ಲ ಅಂತಲ್ಲ. 250 ಎಂದು ಬರೆದರೆ 250 ಮಿಲಿಲೀಟರ್ ಹಿಡಿಯಲೇಬೇಕು. ತಪ್ಪಿದರೆ ಫ್ಲಾಸ್ಕು ನನ್ನ ಮೇಜಿಗೇ ವಾಪಸು ಬರುತ್ತದೆ. ನಾನು ಮಾಡಿದೆ ಎಂಬ ಹಮ್ಮನ್ನು ಬಿಡಬಹುದು. ಮಾಡಿದ್ದಕ್ಕೆ ಜವಾಬು ಹೇಳುವುದನ್ನು ಬಿಟ್ಟರೆ ಅದು ವೈರಾಗ್ಯವಲ್ಲ, ಜಾರಿಕೆ.

"ಮತ್ತ ಅಪ್ಪಾರು ಏನೂ ಬ್ಯಾಡ ಅಂದ್ರಲ್ಲ?" ಎಂದ ಹುಡುಗ, ಸಿದ್ಧೇಶ್ವರ ಸ್ವಾಮೀಜಿಯನ್ನು ನೆನೆದು. ಬೇಡ ಎಂದರು, ನಿಜ. ಹಾಗೆನ್ನುವ ಪತ್ರವನ್ನು ಮಾತ್ರ ಅವರು ತಮ್ಮ ಹೆಸರಿನಲ್ಲೇ ಬರೆದಿಡಬೇಕಾಯಿತು. ಇಲ್ಲದಿದ್ದರೆ ನಮ್ಮ ಜನ ಗದ್ದುಗೆ ಕಟ್ಟದೆ ಬಿಡುತ್ತಿದ್ದರೇ?